ಹನ್ನೊಂದನೆಯ ಎಫ್

ಮಾರ್ಚ್ 3, ಮಂಗಳವಾರ

ಐದನೆಯ ಎಫ್ ಕೂಡ ಮಾವನಿಗೆ ಬೇಡವಂತೆ.

ಬಾಯಿಬಿಟ್ಟು ಬೈಯುವಂತಿಲ್ಲ. ಅದಕ್ಕೇ ಬರುವ ದಾರಿಯಲ್ಲಿ ಈ ನೋಟ್‌ಬುಕ್ ಕೊಂಡು ತಂದೆ. ಯಾರಿಗೂ ತೋರಿಸುವುದಿಲ್ಲ. ಬೈಗುಳವೆಲ್ಲ ಇದರೊಳಗೆ ಬಿದ್ದಿರಲಿ, ಮನೆ ತಣ್ಣಗಿರಲಿ.

ಬೆಳಿಗ್ಗೆ ನಿಘಂಟಿನ ಸಂಪಾದಕಿಯ ಪತ್ರ ಬಂತು. ಈ ತಿಂಗಳ ಮೂವತ್ತೊಂದರೊಳಗೆ ಎರಡು ವಸ್ತು ಅವರ ಕೈ ಸೇರಬೇಕು: ನಾನು ಬರೆಯುತ್ತಿರುವ ಓರೆ ಅಕ್ಷರಗಳ (ಇಟ್ಯಾಲಿಕ್) ಪೂರ್ತಿ ಸೆಟ್ಟು, ಅದಕ್ಕೆ ಮಾವನ ರುಜು ಇರುವ ಒಪ್ಪಿಗೆ ಪತ್ರ. ಒಂದು ದಿನ ತಡವಾದರೂ ಬೇರೆ ಯಾರದೋ ಸಿದ್ಧ ಅಕ್ಷರ ತೆಗೆದುಕೊಂಡು ಅಚ್ಚಿಗೆ ಹೋಗುತ್ತಾರೆ. ಆಗ ನನ್ನ ಓರೆಯೂ ಹೊರಗೆ, ಮಾವನ ನೆಟ್ಟಗಿನ ಅಕ್ಷರವೂ ಹೊರಗೆ. ನಲವತ್ತು ವರ್ಷದ ಹಿಂದೆ ಮಾವ ಉಕ್ಕಿನ ಕಡ್ಡಿಯ ತುದಿಯಲ್ಲಿ ಒಂದೊಂದಾಗಿ ಕೊರೆದ ಅಕ್ಷರ ಅದು. ಪ್ರಕಾಶನದವರಿಗೆ ಕೊಡುವಾಗ ಒಂದು ಷರತ್ತು ಬರೆಸಿದ್ದರು: ತಮ್ಮ ಒಪ್ಪಿಗೆ ಇಲ್ಲದೆ ಅದರ ಜೊತೆ ಇನ್ನೊಂದು ಅಕ್ಷರ ಕೂರಿಸಕೂಡದು. ಆ ಇನ್ನೊಂದನ್ನು ಮುಂದೆ ತಮ್ಮ ಸೊಸೆಯೇ ಬರೆಯುತ್ತಾಳೆಂದು ಅವರಿಗೇನು ಗೊತ್ತಿತ್ತು.

ನಿಘಂಟಿಗೆ ಓರೆ ಅಕ್ಷರ ಬೇಕೇ ಬೇಕು. ಪದ ನೆಟ್ಟಗೆ, ಅರ್ಥ ನೆಟ್ಟಗೆ, ಪದವನ್ನು ಬಳಸಿ ತೋರಿಸುವ ವಾಕ್ಯ ಮಾತ್ರ ಓರೆ. ಅಂಥ ವಾಕ್ಯಗಳು ಎಪ್ಪತ್ತು ಸಾವಿರ. ಉಳಿದ ಅಕ್ಷರಗಳನ್ನೆಲ್ಲ ಹೋದ ಬೇಸಿಗೆಯಲ್ಲೇ ಮಾವ ಒಪ್ಪಿದ್ದಾರೆ. ಎಫ್ ಒಂದೇ ಬಾಕಿ. ಅದನ್ನು ಕೊನೆಗಿಟ್ಟವಳು ನಾನೇ, ಕಷ್ಟದ್ದೆಂದು. ಓರೆ ಅಕ್ಷರಗಳಲ್ಲಿ ಮೇಲೂ ಕೆಳಗೂ ಒಟ್ಟಿಗೇ ಚಾಚುವುದು ಅದೊಂದೇ. ತಲೆ ಮುಂದಕ್ಕೆ, ಬಾಲ ಹಿಂದಕ್ಕೆ, ನಡುವೆ ಸೊಂಟಕ್ಕೊಂದು ಅಡ್ಡಪಟ್ಟಿ.

ಒಲೆ ಆರಿಸಿದ್ದೇನೆಯೇ ಎಂದು ಈಗಷ್ಟೇ ಎರಡು ಸಲ ನೋಡಿ ಬಂದೆ. ಮೂರನೆಯ ಸಲ ಎದ್ದರೆ ಇವರು ನಗುತ್ತಾರೆ.

ಮಾರ್ಚ್ 5, ಗುರುವಾರ

ಆರನೆಯದನ್ನು ತೋರಿಸಿದೆ. ಮಾವನಿಗೆ ಪ್ರೂಫ್ ತೋರಿಸುವುದೆಂದರೆ ಪರೀಕ್ಷೆಗೆ ಕೂತಂತೆ. ಮಧ್ಯಾಹ್ನದ ಊಟವಾದ ಮೇಲೆ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂರುತ್ತಾರೆ. ಹಾಳೆಯ ಅಂಚನ್ನು ಮೊದಲು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ಆಮೇಲೆ ಬೆಳಕಿಗೆ ಹಿಡಿದು, ನೇರವಾಗಿ ನೋಡದೆ ಕೋಳಿಯ ಹಾಗೆ ಕತ್ತು ಒಂದು ಕಡೆ ವಾಲಿಸಿ ನೋಡುತ್ತಾರೆ. ಇದೊಂದು ಹೊಸ ಠೀವಿ, ಈ ಚಳಿಗಾಲದಲ್ಲಿ ಶುರುವಾದದ್ದು.

ಏನೇನು ಬದಲಾಯಿಸಿದೆ ಹೇಳು ಅಂದರು. ಕಣ್ಣೆದುರಿಗೇ ಇದೆಯಲ್ಲ ಮಾವ ಅಂದೆ. ಇರಲಿ, ನಿನ್ನ ಬಾಯಲ್ಲಿ ಕೇಳಬೇಕು ಅಂದರು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಿ ಅನ್ನ ತಿನ್ನುತ್ತಿದ್ದೇನೆ. ಮದುವೆ ಕಾಗದ, ಅತ್ತರಿನ ಶೀಷೆ, ಪದ್ಯದ ಪುಸ್ತಕ, ದೊಡ್ಡ ಹೋಟೆಲಿನ ತಿಂಡಿಪಟ್ಟಿ, ಹಡಗಿನ ಹೆಸರು, ಎಲ್ಲೆಲ್ಲಿ ಜನ ಸ್ವಲ್ಪ ನಾಜೂಕಾಗಿ ಮಾತಾಡಬೇಕು ಅಂದುಕೊಳ್ಳುತ್ತಾರೋ ಅಲ್ಲೆಲ್ಲ ನನ್ನ ಓರೆಗಳು ನಿಂತಿವೆ. ಮನೆಗೆ ಬಂದರೆ ಮಾತ್ರ ಒಂದನೇ ಕ್ಲಾಸಿನ ಹುಡುಗಿಯಂತೆ ಒಪ್ಪಿಸಬೇಕು.

ಒಪ್ಪಿಸಿದೆ. ಗೆರೆ ಎಷ್ಟು ವಾಲಿದೆ, ಎಲ್ಲಿ ದಪ್ಪ, ಎಲ್ಲಿ ಸಣ್ಣ, ನೆಟ್ಟಗಿನ ಅಕ್ಷರದ ಗೆರೆಯ ಕೊನೆಗೆ ಹಚ್ಚುವ ಸೆರಿಫ್ (ಮಾವ ಅದನ್ನು ಪಾದ ಅನ್ನುತ್ತಾರೆ) ಇಲ್ಲಿ ಯಾಕಿಲ್ಲ. ಮಾವ ಕಣ್ಣು ಮುಚ್ಚಿಕೊಂಡು ಕೇಳಿದರು. ಕೊನೆಗೆ ಹೇಳಿದ್ದಿಷ್ಟು:

"ನೆಟ್ಟಗಿನ ಅಕ್ಷರವನ್ನು ತಳ್ಳಿಬಿಟ್ಟರೆ ಅದು ಓರೆ ಆಗಲ್ಲಮ್ಮ, ಬೀಳೋ ಅಕ್ಷರ ಆಗುತ್ತೆ. ಓರೆ ಅಂದರೆ ಪಕ್ಕದಲ್ಲಿ ಕೂತವರ ಕಡೆ ಬಾಗಿ ಹೇಳೋದು. ಮನುಷ್ಯ ಅದೇ, ದನಿ ಬೇರೆ. ನಿಂದು ಇನ್ನೂ ಬೀಳ್ತಾ ಇದೆ."

ಕೇಳಲು ಚೆನ್ನಾಗಿದೆ. ಕೇಳಿದ್ದನ್ನು ಬರೆಯುವುದು ಹೇಗೆ? ಅದನ್ನು ಮಾತ್ರ ಹೇಳುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ನನ್ನನ್ನೇ ಅಂದುಬಿಡುತ್ತಾರೆಂದು ತುಟಿ ಕಚ್ಚಿಕೊಂಡು ಎದ್ದು ಬಂದೆ.

ಮಾರ್ಚ್ 9, ಸೋಮವಾರ

ಮನೆಯಲ್ಲಿ ಜಗಳ. ಕಸ ಗುಡಿಸುವಾಗ ಹಜಾರದ ಸಣ್ಣ ಮೇಜನ್ನು ಗೋಡೆಯಿಂದ ಈಚೆಗೆ ಸರಿಸಿದ್ದೆ, ಅಷ್ಟೇ. ಮಾವ ಬಂದು ಮೊಣಕಾಲು ತಾಗಿಸಿಕೊಂಡರು. ಯಾರು ಹೇಳಿದ್ದು ಸರಿಸೋಕೆ ಎಂದು ಕೂಗಾಡಿದರು. ಎಂದೂ ದನಿ ಏರಿಸದವರು. ಒಂದು ಗೇಣು ಸರಿಸಿದ್ದಕ್ಕೆ ಇಷ್ಟೊಂದು! ಮುದುಕರಾದರೆ ಮನೆಯ ಮೇಜು ಕುರ್ಚಿಗೂ ತಾವೇ ಯಜಮಾನರು ಅನಿಸಬೇಕೇನೋ.

ಸಂಜೆ ಇವರಿಗೆ ಹೇಳಿದೆ. ಇವರದು ಲಿಫ್ಟ್ ದುರಸ್ತಿಯ ಕೆಲಸ, ಎಲ್ಲವನ್ನೂ ನೆಟ್ಟಗಿದೆಯೇ ಎಂದು ತೂಗುಗುಂಡು ಬಿಟ್ಟು ನೋಡುವ ಮನುಷ್ಯ. ನಮ್ಮ ಕೆಲಸದಲ್ಲಿ ಓರೆಯಾದರೆ ಜನ ಸಾಯ್ತಾರೆ, ನಿಮ್ಮ ಕೆಲಸದಲ್ಲಿ ಓರೆಯಾಗಲಿಲ್ಲ ಅಂತ ನೀವಿಬ್ಬರೂ ಸಾಯ್ತೀರಿ ಅಂದರು. ನಗು ಬಂತು. ಆಮೇಲೆ, ಮೂವತ್ತೊಂದರೊಳಗೆ ಆಗದಿದ್ದರೆ ಏನು ಮಾಡೋದು ಅಂತ ಕೇಳಿದೆ. ಆಗುತ್ತೆ ಬಿಡು ಅಂದರು. ಇವರಿಗೆ ಎಲ್ಲವೂ ಆಗುತ್ತೆ ಬಿಡು.

ಮಾವ ಈಗೀಗ ಪೇಪರೂ ಓದುವುದಿಲ್ಲ. ಮಡಚಿದ ಮಡಿಕೆ ಹಾಗೇ ಇರುತ್ತದೆ. ಸುದ್ದಿಯೆಲ್ಲ ರೇಡಿಯೋದಲ್ಲೇ. ನನ್ನ ಹೊಸ ಕನ್ನಡಕ ಬಂದು ಎರಡು ವಾರವಾಯಿತು, ಒಂದು ಮಾತಿಲ್ಲ. ಆದರೆ ಮೆಟ್ಟಿಲ ಮೇಲೆ ನನ್ನ ಹೆಜ್ಜೆ ಬಿದ್ದರೆ ಸಾಕು, ನಾನು ಬಾಗಿಲಿಗೆ ಬರುವ ಮೊದಲೇ "ಆಯ್ತಾ ಏಳನೆಯದು?" ಎಂಬ ಪ್ರಶ್ನೆ ಸಿದ್ಧ.

ಆಗಿತ್ತು. ಅದೂ ಬೇಡವಂತೆ.

ಮಾರ್ಚ್ 10, ಮಂಗಳವಾರ

ಎಂಟನೆಯದು. ಬೇಡ.

ಊಟ ಸೇರಲಿಲ್ಲ.

ಮಾರ್ಚ್ 13, ಶುಕ್ರವಾರ

ಸಂಪಾದಕಿ ನಮೂನೆ ಪುಟ ಕಳಿಸಿದರು, ನೋಡಲೆಂದು ನಾನು ಕೊಟ್ಟಿದ್ದ ಎಂಟನೆಯ ಎಫ್ ಹಾಕಿ. ನಿಘಂಟಿನಲ್ಲಿ ಹೆಜ್ಜೆಹೆಜ್ಜೆಗೂ ಆವರಣ ಚಿಹ್ನೆ. ಎಫ್ ಆದ ಕೂಡಲೇ ಆವರಣ ಮುಚ್ಚಿದಲ್ಲೆಲ್ಲ ಎಫ್‌ನ ತಲೆ ಹೋಗಿ ಅದಕ್ಕೆ ಢಿಕ್ಕಿ ಹೊಡೆದಿದೆ. ಒಂದು ಪುಟದಲ್ಲಿ ಒಂಬತ್ತು ಕಡೆ, ನಾನೇ ಎಣಿಸಿದೆ. ಇವರು ಪಕ್ಕದಲ್ಲಿ ನಿಂತು ನೋಡಿ, ಹಣೆಗೆ ಹಣೆ ಕುಟ್ಟಿಕೊಂಡ ಹಾಗಿದೆ ಅಂದರು.

ಮಾವನಿಗೆ ಹೇಳದೆ ಮುಚ್ಚಿಡೋಣ ಅಂದುಕೊಂಡಿದ್ದೆ. ಬಾಯಿ ತಡೆಯಲಿಲ್ಲ, ಹೇಳಿಬಿಟ್ಟೆ. ಅವರು ಹಂಗಿಸುತ್ತಾರೆಂದು ಕಾದಿದ್ದೆ. ಅದರ ಬದಲು, ಇಷ್ಟು ವರ್ಷ ಈ ಮನೆಯಲ್ಲಿ ನಾನು ಒಮ್ಮೆಯೂ ಕೇಳದ ಕಥೆ ಹೇಳಿದರು.

ಅವರಿಗೆ ಇಪ್ಪತ್ತಾರು ವಯಸ್ಸಿದ್ದಾಗ ಒಂದು ಓರೆ ಅಕ್ಷರ ಕೊರೆದಿದ್ದರಂತೆ. ಸೀಸದ ಅಚ್ಚುಮೊಳೆಯಲ್ಲಿ ಓರೆ ಎಫ್‌ನ ತಲೆ ಮೊಳೆಯ ಅಂಚು ದಾಟಿ ಪಕ್ಕದ ಮೊಳೆಯ ಹೆಗಲ ಮೇಲೆ ಚಾಚಿಕೊಂಡಿರುತ್ತದೆ. ಅದರ ಕೆಳಗೆ ಆಸರೆ ಇರುವುದಿಲ್ಲ. ಒಂದು ಪದ್ಯದ ಪುಸ್ತಕ ಪೂರ್ತಿ ಅದರಲ್ಲಿ ಅಚ್ಚಾಗುತ್ತಿತ್ತು. ಎರಡು ನೂರು ಹಾಳೆ ಆಗುವಷ್ಟರಲ್ಲಿ ಯಂತ್ರದ ಒತ್ತಡಕ್ಕೆ ತಲೆಗಳು ಒಂದೊಂದಾಗಿ ಮುರಿಯತೊಡಗಿದವು. ಯಾರೂ ಗಮನಿಸಲಿಲ್ಲ. ಪುಸ್ತಕ ಹೊಲಿದು ಬಂದ ಮೇಲೆ ನೋಡಿದರೆ ಪುಟಪುಟದಲ್ಲೂ ತಲೆಯಿಲ್ಲದ ಎಫ್‌ಗಳು. ಪದ್ಯ ಬರೆದ ಹೆಂಗಸು ಅಚ್ಚಿನ ಮನೆಗೆ ಬಂದಳು. ಬೈಯಲೂ ಇಲ್ಲ. ಪುಸ್ತಕವನ್ನು ಮಾವನ ಮೇಜಿನ ಮೇಲಿಟ್ಟು, ನೀವೇ ಓದಿ ಅಂದು ಹೋದಳಂತೆ. ಮಾವ ಆ ಅಕ್ಷರವನ್ನೆಲ್ಲ ಸೀಸ ಕರಗಿಸುವ ಮೂಸೆಗೆ ಹಾಕಿದರು. ಮತ್ತೆ ಓರೆ ಮುಟ್ಟಲಿಲ್ಲ.

ನನಗೆ ಪಾಪ ಅನಿಸಿತು. ಈಗ ಸೀಸವಿಲ್ಲ, ಕಂಪ್ಯೂಟರಿನಲ್ಲಿ ಏನೂ ಮುರಿಯುವುದಿಲ್ಲ ಮಾವ ಅಂದೆ. ಒಂಬತ್ತು ಕಡೆ ಕುಟ್ಟಿತು ಅಂದೆಯಲ್ಲ, ಅದೇನು ಮತ್ತೆ ಅಂದರು.

ಮಾರ್ಚ್ 17, ಮಂಗಳವಾರ

ಒಂಬತ್ತು ಹೋಯಿತು, ಹತ್ತು ಹೋಯಿತು. ಸಂಪಾದಕಿ ಫೋನ್ ಮಾಡಿದ್ದರು. ಬಹಳ ಮರ್ಯಾದೆಯಿಂದ ಮಾತಾಡಿದರು, ಅದಕ್ಕೇ ಹೆದರಿಕೆಯಾಯಿತು. ಇನ್ನೊಂದು ಅಕ್ಷರ ನೋಡಿಟ್ಟಿದ್ದಾರಂತೆ, ಸುಮ್ಮನೆ, ಎಚ್ಚರಿಕೆಗೆ.

ಹತ್ತನೆಯದಕ್ಕೆ ಮಾವ ಕೇಳಿದ್ದು ಒಂದೇ ಪ್ರಶ್ನೆ. "ಕೈ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ?" ಹಿಂದಿನ ಅಕ್ಷರದಿಂದ ಬರುತ್ತೆ ಅಂದೆ. ಅಲ್ಲಿಂದ? ಮೇಲೆ ಹೋಗಿ ಬಾಗುತ್ತೆ. ಯಾಕೆ ಬಾಗುತ್ತೆ? ಮುಂದಿನ ಅಕ್ಷರ ನೋಡೋಕೆ ಅಂದೆ. ನನಗೇ ಗೊತ್ತಿಲ್ಲದೆ ಬಂದ ಮಾತು. ಮಾವ ತಲೆಯಾಡಿಸಿ, ನೋಡೋಕೆ ಅಷ್ಟು ದೂರ ಕತ್ತು ಚಾಚಬೇಕಾ ಅಂದರು.

ಆಮೇಲೆ ಬರೆಯುವಾಗ ನೋಡುತ್ತೇನೆ, ನಾನೇ ಜೋರಾಗಿ ಮಾತಾಡಿಕೊಳ್ಳುತ್ತಿದ್ದೇನೆ. ಬಾ, ಏಳು, ಬಾಗು, ಸಾಕು. ಪಕ್ಕದ ಮನೆಯವರು ಹುಚ್ಚು ಹಿಡಿದಿದೆ ಅಂದುಕೊಂಡಾರು.

ನೀರು ಕೊಟ್ಟೆ. ಮಾವ ಲೋಟವನ್ನು ಮೇಜಿನ ಅಂಚಿನಾಚೆ ಇಟ್ಟುಬಿಟ್ಟರು. ಅದು ನೆಲಕ್ಕೆ ಬಿತ್ತು. ಲೋಟ ಸರಿಯಾಗಿ ಕೊಡೋಕೂ ಬರಲ್ವಾ ಅಂತ ನನ್ನ ಮೇಲೇ ರೇಗಿದರು. ಒರೆಸಿದೆ. ಹಾಳಾದ ಎಫ್ ಎಲ್ಲರ ತಲೆ ಕೆಡಿಸಿದೆ.

ಮಾರ್ಚ್ 20, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಇವರು ಒಂದು ನೋಟೀಸು ಅಚ್ಚು ಹಾಕಿಕೊಡು ಅಂದಿದ್ದರು. ‘ಲಿಫ್ಟ್ ಕೆಟ್ಟಿದೆ, ಮೆಟ್ಟಿಲು ಬಳಸಿ.’ ದಪ್ಪ ಕಾಗದದ ಮೇಲೆ, ಅಂಗೈಯಗಲದ ನೆಟ್ಟ ಅಕ್ಷರ, ಇದ್ದಿಲಿನಷ್ಟು ಕಪ್ಪು. ಹನ್ನೊಂದನೆಯ ಎಫ್‌ನ ಪ್ರೂಫನ್ನೂ ಅದರ ಜೊತೆಗೇ ತೆಗೆದು ಒಂದೇ ಫೈಲಿನಲ್ಲಿಟ್ಟೆ. ಊಟವಾದ ಮೇಲೆ ಫೈಲಿನಿಂದ ಹಾಳೆ ತೆಗೆದು ಮಾವನ ಕೈಗೆ ಕೊಟ್ಟೆ, ಸಂಪಾದಕಿಯ ಫೋನಿನ ಯೋಚನೆಯಲ್ಲೇ ಇದ್ದೆ. ಮಾವ ಅಂಚು ಉಜ್ಜಿದರು. ಒಂದು ಗಳಿಗೆ ತಡೆದರು. ಬೆಳಕಿಗೆ ಹಿಡಿದು ಕತ್ತು ವಾಲಿಸಿದರು. ಉಗುರಿನಿಂದ ಹಾಳೆಯ ನಡುವೆ ಮೇಲಿಂದ ಕೆಳಗೆ ಗೆರೆ ಎಳೆದರು.

"ತಲೆ ಪರವಾಗಿಲ್ಲ. ಬಾಲ ಇನ್ನೂ ಸ್ವಲ್ಪ ಸಣ್ಣ ಆಗಬೇಕು," ಅಂದರು.

ಹಾಳೆಯ ಈಚೆಯಿಂದ ನನಗೆ ಕಾಣುತ್ತಿತ್ತು. ಬೆಳಕಿಗೆ ಹಿಡಿದ ಕಾಗದದಲ್ಲಿ ತಿರುಗುಮುರುಗಾಗಿ, ಲಿಫ್ಟ್ ಕೆಟ್ಟಿದೆ, ಮೆಟ್ಟಿಲು ಬಳಸಿ.

"ಆಗಲಿ ಮಾವ," ಅಂದೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ.

ಮಾರ್ಚ್ 21, ಶನಿವಾರ

ಯಾರಿಗೂ ಹೇಳಿಲ್ಲ.

ಮೇಜು. ಲೋಟ. ಪೇಪರು. ಕನ್ನಡಕ. ಎಲ್ಲ ನಾನೇ ಬರೆದಿಟ್ಟಿದ್ದೇನೆ, ಇದೇ ಪುಸ್ತಕದಲ್ಲಿ. ಅಕ್ಷರದಲ್ಲಿ ಅರ್ಧ ಕೂದಲೆಳೆ ಹೆಚ್ಚುಕಮ್ಮಿಯಾದರೆ ಕಂಡುಹಿಡಿಯುವ ಕಣ್ಣು ನನ್ನದಂತೆ. ಥೂ ನನ್ನ ಕಣ್ಣಿಗೆ.

ಮಾರ್ಚ್ 23, ಸೋಮವಾರ

ಮೊದಲು ಸಿಟ್ಟು ಬಂತು. ಆರು ವಾರ, ಹನ್ನೊಂದು ಎಫ್. ಕಾಣದವರು ಬೇಡ ಅಂದದ್ದಕ್ಕೆ ನಾನು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡೆ. ಹನ್ನೊಂದನ್ನೂ ಸಾಲಾಗಿ ಗೋಡೆಗೆ ಅಂಟಿಸಿದೆ, ಒಂದನೆಯದೇ ಚೆನ್ನಾಗಿತ್ತು ಅಂತ ಸಾಬೀತು ಮಾಡಲು. ಚೆನ್ನಾಗಿರಲಿಲ್ಲ. ಒಂದನೆಯದು ಮುಗ್ಗರಿಸುತ್ತಿದೆ. ಐದನೆಯದು ಮುಗ್ಗರಿಸುವುದನ್ನು ಮರೆಸಲು ಬಾಲ ಬೀಸುತ್ತಿದೆ. ಹನ್ನೊಂದನೆಯದು ನಡೆಯುತ್ತಿದೆ. ಕತ್ತು ಬೇಕಾದಷ್ಟೇ ಬಾಗಿದೆ, ಆವರಣ ಚಿಹ್ನೆಗೆ ತಾಗುವುದಿಲ್ಲ, ಪಕ್ಕಪಕ್ಕ ಎರಡು ಎಫ್ ಬಂದರೂ ಅಡ್ಡಪಟ್ಟಿ ಒಂದಕ್ಕೊಂದು ಕೈ ಹಿಡಿಯುತ್ತದೆ. ಬೇಡ ಎಂದವರು ಕಾಣದವರಾದರೂ, ಬರೆದದ್ದು ನಾನೇ ತಾನೇ? ಇದು ಹೇಗಾಯಿತೆಂದು ತಿಳಿಯುತ್ತಿಲ್ಲ. ಬಾಲವನ್ನು ಸಣ್ಣ ಮಾಡಿ ನೋಡಿದೆ, ಅವರು ಹೇಳಿದರಲ್ಲ ಎಂದು. ಕುಂಟಿತು. ಮತ್ತೆ ಹಳೆಯ ಹಾಗೇ ಮಾಡಿದೆ.

ಆಮೇಲೆ ಒಂದು ಕೆಟ್ಟ ಯೋಚನೆ ಬಂತು. ಇಲ್ಲಿ ಬರೆಯದಿದ್ದರೆ ಇನ್ನೆಲ್ಲಿ ಬರೆಯಲಿ. ಕಾಣದವರ ಕೈಯಲ್ಲಿ ರುಜು ಹಾಕಿಸುವುದು ಎಷ್ಟು ಹೊತ್ತು? ನೀವು ಹೇಳಿದ ಹಾಗೇ ಮಾಡಿದೆ ಮಾವ ಅಂದರೆ ಮುಗಿಯಿತು. ಒಂದೇ ಸುಳ್ಳು. ನಿಘಂಟು ಉಳಿಯುತ್ತದೆ, ಅವರ ಅಕ್ಷರ ಉಳಿಯುತ್ತದೆ, ಅವರ ಮಾನವೂ ಉಳಿಯುತ್ತದೆ.

ಸಂಜೆ ಇವರು ಬಂದ ಕೂಡಲೇ ಎಲ್ಲ ಹೇಳಿಬಿಟ್ಟೆ. ಇವರು ಬೂಟು ಬಿಚ್ಚುತ್ತಿದ್ದವರು ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತರು. ಆಗುತ್ತೆ ಬಿಡು ಅನ್ನಲಿಲ್ಲ. ನಾನು ದಿನಾ ಎದುರಿಗೆ ಕೂತು ಊಟ ಮಾಡ್ತೀನಲ್ಲೇ ಅಂದರು, ಅಷ್ಟೇ.

ಮಾರ್ಚ್ 25, ಬುಧವಾರ

ಹೇಗೆ ಕೇಳುವುದೆಂದು ನಾವಿಬ್ಬರೂ ಎರಡು ದಿನದಿಂದ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಮಾವನೇ ನನ್ನನ್ನು ಕರೆದರು. ರೇಡಿಯೋ ಆರಿಸಿದರು.

"ಅವತ್ತು ಕೊಟ್ಟಿದ್ದು ಯಾವ ಹಾಳೆ?"

ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.

"ಕಾಗದ ದಪ್ಪ ಇತ್ತು. ಪ್ರೂಫಿನ ಕಾಗದ ಅಲ್ಲ ಅಂತ ಗೊತ್ತಾಯ್ತು, ಆದರೂ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ನೀನು ಆಗಲಿ ಮಾವ ಅಂದೆ. ಹತ್ತು ಸಲವೂ ಗೊಣಗಿಕೊಂಡು ಹೋದವಳು ಹನ್ನೊಂದನೆಯ ಸಲ ಆಗಲಿ ಅಂದರೆ ನನಗೆ ಅರ್ಥ ಆಗಲ್ವಾ?"

ಲಿಫ್ಟಿನ ನೋಟೀಸು ಅಂತ ಹೇಳಿದೆ. ಮಾವ ನಕ್ಕರು. ನಗುತ್ತಾ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಶರತ್ಕಾಲದಿಂದಲೇ ಶುರುವಾಯಿತಂತೆ. ಎದುರಿಗಿದ್ದದ್ದರ ನಡುಮಧ್ಯ ಒಂದು ಬೂದಿ ಮಚ್ಚೆ. ಸುತ್ತಲ ಅಂಚು ಮಾತ್ರ ಮಸುಕಾಗಿ ಕಾಣುತ್ತದೆ, ಅದಕ್ಕೇ ಕತ್ತು ವಾಲಿಸುವುದು. ಯಾಕೆ ಹೇಳಲಿಲ್ಲ ಅಂತ ಅತ್ತುಬಿಟ್ಟೆ. ಅಕ್ಷರ ಕಾಣಲ್ಲ ಅಂದಮೇಲೆ ನನ್ನ ಹತ್ತಿರ ಯಾರು ಪ್ರೂಫ್ ತರ್ತಾರೆ ಅಂದರು.

"ಮತ್ತೆ ಯಾಕೆ ಬರೀ ಬೇಡ ಅಂದಿರಿ? ಹೂಂ ಅಂದುಬಿಡಬಹುದಿತ್ತು."

"ನೋಡದೆ ಬೇಡ ಅಂದರೆ ನೀನು ಇನ್ನೊಂದು ಸಲ ಬರೀತೀಯ, ಅಷ್ಟೇ. ನೋಡದೆ ಹೂಂ ಅಂದರೆ ಎಪ್ಪತ್ತು ಸಾವಿರ ಸಲ ತಪ್ಪಾಗುತ್ತೆ. ಒಂದು ಸಲ ಮಾಡಿದ್ದೀನಲ್ಲ, ಸಾಕು."

ಮುರಿದ ತಲೆಗಳ ಮಾತು ಅದು ಎಂದು ಇಬ್ಬರಿಗೂ ಗೊತ್ತಿತ್ತು. ರುಜು ಹಾಕುವುದಿಲ್ಲ ಅಂದರು. ಕಾಣದ್ದಕ್ಕೆ ಕಂಡೆ ಅಂತ ಬರೆದುಕೊಡೋಕೆ ನನ್ನಿಂದ ಆಗಲ್ಲ ತಾಯಿ ಅಂದರು. ಇನ್ನು ಆರು ದಿನ.

ಮಾರ್ಚ್ 27, ಶುಕ್ರವಾರ

ಕಣ್ಣಿನ ಡಾಕ್ಟರರಲ್ಲಿಗೆ ಹೋಗಿದ್ದೆವು. ಹೋದದ್ದು ಬರುವುದಿಲ್ಲವಂತೆ. ಉಳಿದ ಅಂಚನ್ನು ಉಳಿಸಿಕೊಳ್ಳಬಹುದು, ತಿಂಗಳಿಗೊಂದು ಚುಚ್ಚುಮದ್ದು. ಮೊದಲೇ ಬಂದಿದ್ದರೆ ಅನ್ನುವ ಮಾತನ್ನು ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು. ಇವರು ಗೋಡೆ ನೋಡುತ್ತಿದ್ದರು.

ಅಲ್ಲಿ ಗೋಡೆಯ ಮೇಲೆ ಓದಿಸುವ ಪಟ್ಟಿ ಇತ್ತು, ಮೇಲಿನ ಸಾಲಿನಲ್ಲಿ ದೊಡ್ಡ ಅಕ್ಷರ. ಮಾವನಿಗೆ ಅದೂ ಕಾಣಲಿಲ್ಲ. ಅದರ ಪಾದ ಹೇಗಿದೆ ಅಂತ ನನ್ನನ್ನು ಕೇಳಿದರು. ಪಾದವೇ ಇಲ್ಲ ಮಾವ, ಬೋಳು ಅಕ್ಷರ ಅಂದೆ. ಹಾಗಾದರೆ ಕಾಣದಿದ್ದರೂ ನಷ್ಟ ಇಲ್ಲ ಅಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ.

ಮಾರ್ಚ್ 28, ಶನಿವಾರ

ಮಾವ ಸೀಸದ ಮೊಳೆ ಸವರಿ ಬೆಳೆದವರು. ಅವರ ಹೆಬ್ಬೆರಳಿಗೆ ಕಣ್ಣಿಗಿಂತ ಹೆಚ್ಚು ಗೊತ್ತಿದೆ. ಇದು ನನಗೆ ಈಗ ಹೊಳೆಯಬೇಕೇ?

ಇವರಿಗೆ ಹೇಳಿದೆ. ಎಷ್ಟು ದೊಡ್ಡದು ಬೇಕು, ಎಷ್ಟು ದಪ್ಪ ಅಂತ ಕೇಳಿ, ಅಳತೆ ಬರೆದುಕೊಂಡು, ಪ್ಲೈವುಡ್ ಹಲಗೆ ಹುಡುಕಿಕೊಂಡು ಹೋದರು.

ಮಾರ್ಚ್ 30, ಸೋಮವಾರ

ನಿನ್ನೆಯೆಲ್ಲ ಇವರು ಗರಗಸ ಹಿಡಿದು ಕೂತರು, ನಾನು ಉಪ್ಪುಕಾಗದ ಹಿಡಿದು ಕೂತೆ. ಮೊಳದುದ್ದದ ಎಫ್. ಹನ್ನೊಂದನೆಯದು, ನನ್ನ ಬಾಲ ಇರುವುದು. ಪಕ್ಕದಲ್ಲಿ ಹಲಗೆಯ ಮೇಲೆ ಆವರಣ ಚಿಹ್ನೆಯನ್ನೂ ಕೊರೆದು ಕೂರಿಸಿದೆವು, ನಡುವಿನ ಸಂದು ನಿಘಂಟಿನಲ್ಲಿ ಇರುವ ಪ್ರಮಾಣದಲ್ಲೇ. ಓರೆ ಗೆರೆ ಕತ್ತರಿಸುವಾಗ ಇವರ ಕೈ ತಾನಾಗಿಯೇ ನೆಟ್ಟಗೆ ಹೋಗುತ್ತಿತ್ತು. ನನ್ನ ಜನ್ಮದಲ್ಲಿ ಬೇಕೂ ಅಂತ ಓರೆ ಮಾಡಿದ್ದು ಇದೇ ಮೊದಲು ಅಂದರು.

ಇವತ್ತು ಊಟವಾದ ಮೇಲೆ ಅದನ್ನು ಮಾವನ ತೊಡೆಯ ಮೇಲಿಟ್ಟೆ. ಮಾವ ಮೊದಲು ಪಾದ ಹುಡುಕಿದರು, ಪಾದವಿಲ್ಲ, ಬಾಲ ಸಿಕ್ಕಿತು. ಅಲ್ಲಿಂದ ಹೆಬ್ಬೆರಳು ಮೇಲಕ್ಕೆ ಹೊರಟಿತು. ಅಡ್ಡಪಟ್ಟಿಯ ಹತ್ತಿರ ನಿಂತಿತು, ಎರಡೂ ಕಡೆ ಅಳೆಯಿತು, ಮತ್ತೆ ಏರಿತು. ತಲೆಯ ತುದಿಗೆ ಬಂತು. ತಲೆಗೂ ಆವರಣಕ್ಕೂ ನಡುವಿನ ಸಂದಿನಲ್ಲಿ ಬೆರಳು ತೂರಿಸಿ ನೋಡಿದರು. ತೂರಿತು. ಮತ್ತೊಮ್ಮೆ ತೂರಿಸಿದರು. ಮೂರನೆಯ ಸಲ ತಲೆಯನ್ನು ಹಿಡಿದು ಬಲವಾಗಿ ಒತ್ತಿದರು, ಮುರಿಯುತ್ತದೆಯೇ ಎಂದು ನೋಡುವಂತೆ. ಇವರು ಒಳ್ಳೆಯ ಹಲಗೆ ತಂದಿದ್ದರು.

ಚೆನ್ನಾಗಿದೆ, ಆದರೆ ಬಾಲ ನಾನು ಹೇಳಿದಷ್ಟು ಸಣ್ಣ ಆಗಿಲ್ಲ, ಸ್ವಲ್ಪ ಸವರಿಬಿಡು ಅಂದರು.

"ಇಲ್ಲ ಮಾವ. ಸವರಿದರೆ ಕುಂಟುತ್ತೆ. ನೋಡಿದ್ದೀನಿ. ಅದು ಹಾಗೇ ಇರಲಿ."

ಬಾಗಿಲಲ್ಲಿ ನಿಂತಿದ್ದ ಇವರು ನನ್ನ ಮುಖ ನೋಡಿದರು. ಮಾವ ಮತ್ತೆ ಬಾಲಕ್ಕೆ ಬೆರಳು ಕೊಟ್ಟರು. ಕೆಳಗಿಂದ ಮೇಲೆ, ಮೇಲಿಂದ ಕೆಳಗೆ. ಇನ್ನೊಂದು ಎಫ್ ಬರೆಯಲು ಸಮಯವಿಲ್ಲ, ಈ ಮಾತು ಯಾಕೆ ಆಡಿದೆ ಅನಿಸಿತು. ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಪೆನ್ನು ಕೊಡು," ಅಂದರು ಮಾವ. ಕೊಟ್ಟೆ. ಒಪ್ಪಿಗೆ ಪತ್ರವನ್ನು ಅವರ ಮುಂದಿಟ್ಟೆ, ಅವರು ಪೆನ್ನನ್ನು ಗಾಳಿಯಲ್ಲೇ ಹಿಡಿದುಕೊಂಡರು. ಆಮೇಲೆ ಹೇಳಿದರು, "ಗೆರೆ ಎಲ್ಲಿದೆ, ತೋರಿಸು."

ಅವರ ಬೆರಳು ಹಿಡಿದು ಗೆರೆಯ ಮೇಲಿಟ್ಟೆ. ರುಜುವಿನ ಕೆಳಗೆ ತಾವಾಗಿಯೇ ಇನ್ನೊಂದು ಸಾಲು ಬರೆದರು: ಕಣ್ಣಿಂದಲ್ಲ, ಕೈಯಿಂದ ಪರೀಕ್ಷಿಸಿದ್ದೇನೆ. ಸಾಲು ಕೊನೆಗೆ ಬೆಟ್ಟ ಹತ್ತಿ ಹೋಯಿತು. ಪರವಾಗಿಲ್ಲ. ಸಂಪಾದಕಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಅವರು ನಾಳೆ ಹನ್ನೊಂದಕ್ಕೆ ಆಫೀಸಿಗೆ ತನ್ನಿ ಅಂದರು.

ಅಕ್ಟೋಬರ್ 8, ಗುರುವಾರ

ಈ ಪುಸ್ತಕ ಕಪಾಟಿನ ಹಿಂದೆ ಬಿದ್ದಿತ್ತು. ಇನ್ನೂ ಪುಟಗಳು ಉಳಿದಿವೆ, ಬರೆಯೋಣ ಅನಿಸಿತು.

ನಿಘಂಟು ಬಂತು. ಇಟ್ಟಿಗೆಯಷ್ಟು ಭಾರ. ಮಾವ ತೊಡೆಯ ಮೇಲಿಟ್ಟುಕೊಂಡು ಮೂಸಿದರು, ಬೆನ್ನು ಸವರಿದರು, ಪುಟದ ಮೇಲೆ ಬೆರಳಾಡಿಸಿದರು. ಏನೂ ತಾಗಲಿಲ್ಲ. ಈಗಿನ ಅಚ್ಚು ಕಾಗದದ ಮೇಲೆ ಹಳ್ಳ ಬೀಳಿಸುವುದಿಲ್ಲ. ಅವರ ಮುಖ ಸಣ್ಣಗಾಯಿತು. ಕೊಡಿ ಇಲ್ಲಿ, ಓದ್ತೀನಿ ಅಂತ ಪುಸ್ತಕ ಕಸಿದುಕೊಂಡು ಎಫ್ ಶುರುವಾಗುವ ಕಡೆ ತೆರೆದೆ. ಒಂದು ಪದ ಸಿಕ್ಕಿತು, ಅದರ ಅರ್ಥ ಓದಿದೆ: ಪರಿಚಯವುಳ್ಳ, ಬಳಕೆಯ, ಚೆನ್ನಾಗಿ ಗೊತ್ತಿರುವ. ಹಾಗೇ ಮುಂದುವರಿಸಿದೆ: ಮೆಟ್ಟಿಲ ಮೇಲೆ ಗೊತ್ತಿದ್ದ ಹೆಜ್ಜೆಯ ಸದ್ದು ಕೇಳಿಸಿತು.

ಮಾವ ಬೆರಳೆತ್ತಿದರು.

"ಇಲ್ಲಿ. ಇಲ್ಲಿಂದ ಓರೆ."

ನಾನು ಹೇಳಿರಲಿಲ್ಲ. ಹೇಗೆ ಗೊತ್ತಾಯ್ತು ಮಾವ ಅಂದೆ. ನೀನು ದನಿ ತಗ್ಗಿಸಿದೆ ಅಂದರು. ನಾನೆಲ್ಲಿ ತಗ್ಗಿಸಿದೆ, ಎಲ್ಲ ಒಂದೇ ಸಮ ಓದಿದೆ ಅಂದೆ. ಮುಂದೆ ಓದು ಅಂದರು.

ಓದಿದೆ. ಒಳಗಿನಿಂದ ಸೀದ ವಾಸನೆ ಬಂತು. ಒಲೆಯ ಮೇಲೆ ಚಹಾ ಇಟ್ಟು ಮರೆತಿದ್ದೆ, ಪಾತ್ರೆ ಕರಕಾಗಿತ್ತು. ಇವರು ಓಡಿಹೋಗಿ ಆರಿಸಿದರು, ನಿನಗೇನಾಗಿದೆ ಅಂತ ಅಡುಗೆಮನೆಯಿಂದಲೇ ಬೈದರು. ನಾವು ನಿಲ್ಲಿಸಲಿಲ್ಲ. ಮೂರು ಪುಟ ಓದಿದೆ. ಪರೀಕ್ಷೆ ಮಾಡೋಣವೆಂದು ನಡುವೆ ಒಂದೆರಡು ಕಡೆ ಓರೆಯನ್ನೂ ಬೇಕೆಂದೇ ಗಡುಸು ದನಿಯಲ್ಲಿ ಓದಿದೆ. ಆಗಲೂ ಮಾವನ ಬೆರಳು ಎದ್ದಿತು. ಓರೆ ಶುರುವಾದಾಗ ಏಳುತ್ತಿತ್ತು, ಮುಗಿದಾಗ ಇಳಿಯುತ್ತಿತ್ತು. ಒಂದೂ ತಪ್ಪಲಿಲ್ಲ.